ಮೂವತ್ತೇಳನೆಯ ಪುಟದ ಹುಡುಗಿ

ಶಾಲೆಯ ವ್ಯಾನು ಹೋದ ಮೇಲೂ ಗೇಟಿನ ಬಳಿ ಸ್ವಲ್ಪ ಹೊತ್ತು ನಿಲ್ಲುವುದು ನೀರಜಾಳ ಅಭ್ಯಾಸ. ವ್ಯಾನು ಕಣ್ಮರೆಯಾದರೆ ಸಾಲದು, ಅದರ ಸದ್ದು ಅಣ್ಣಾ ನಗರದ ಬೆಳಗಿನ ಉಳಿದ ಸದ್ದುಗಳಲ್ಲಿ ಕರಗಿಹೋಗಬೇಕು, ಆಮೇಲೆ ಮೆಟ್ಟಿಲು ಹತ್ತಬೇಕು. ಐದು ದಿನ ಜ್ವರದಲ್ಲಿ ಮಲಗಿ ಎದ್ದ ಮಗು. ಜಡೆ ಹಾಕುವಾಗ ಕುತ್ತಿಗೆಯ ಹಿಂದೆ ಮುಟ್ಟಿ ನೋಡಿದ್ದಳು. ತಣ್ಣಗಿತ್ತು. ಆದರೂ ರಿಬ್ಬನ್ ಸರಿಮಾಡುವ ನೆಪದಲ್ಲಿ ಇನ್ನೊಂದು ಸಲ ಮುಟ್ಟಿದ್ದಳು. "ಸಾಯಂಕಾಲ ಆಟಕ್ಕೆ ನಿಲ್ಲಬೇಡ ಪುಟ್ಟಿ, ನೇರವಾಗಿ ವ್ಯಾನ್ ಹತ್ತು" ಎಂದರೆ ಪ್ರೇರಣಾ ಕನ್ನಡಿಯಲ್ಲೇ ಮುಖ ಸಿಂಡರಿಸಿ, "ಇನ್ನಿಕ್ಕಿ ಥ್ರೋಬಾಲ್ ಇರುಕ್ಕು ಮಾ" ಎಂದಿದ್ದಳು. "ಕನ್ನಡದಲ್ಲಿ ಹೇಳು." "ಇವತ್ತು ಥ್ರೋಬಾಲ್ ಇದೆ, ಇದೆ, ಇದೆ. ಪೋದುಮಾ, ಸಾಕಾ?" ಒಂಬತ್ತು ವರ್ಷದ ಹುಡುಗಿಗೆ ಅಮ್ಮನ ಭಾಷೆ ಅಮ್ಮನನ್ನು ಸುಮ್ಮನಾಗಿಸಲು ಬೇಕಾದಷ್ಟು ಮಾತ್ರ ಬರುತ್ತಿತ್ತು.

ಮೇಲೆ ಬಂದು ಅಕ್ಕಿ, ಉದ್ದು ನೆನೆಹಾಕಿ, ಬಟ್ಟೆ ಮೆಷಿನ್ನಿಗೆ ತುಂಬಿ, ಊಟದ ಮೇಜಿನ ತುದಿಯಲ್ಲೇ ಜಾಗ ಮಾಡಿಕೊಂಡಿದ್ದ ಕಂಪ್ಯೂಟರಿನ ಮುಂದೆ ಕೂತಳು. ಇವತ್ತು ಹೊಸ ಕೆಲಸವೇನೂ ಇರಲಿಲ್ಲ. ಅವಳು ಪುಟ ಕಟ್ಟಿಕೊಟ್ಟಿದ್ದ ಕನ್ನಡ ಸಂಘದ ಐವತ್ತನೆಯ ವರ್ಷದ ಸಂಚಿಕೆ ಮೂರು ದಿನದ ಹಿಂದೆ ಪ್ರೆಸ್ಸಿಗೆ ಹೋಗಿತ್ತು. ಭಾನುವಾರ ಬಿಡುಗಡೆ. ಇನ್ನು ಉಳಿದದ್ದು ಒಲೆ ಆರಿದ ಮೇಲೆ ಕಟ್ಟೆ ಒರೆಸುವಂಥ ಕೆಲಸ: ಪುಟಗಳ ಫೈಲನ್ನೂ ಅದರಲ್ಲಿ ಬಳಸಿದ ಇನ್ನೂರಕ್ಕೂ ಮಿಕ್ಕ ಫೋಟೋಗಳನ್ನೂ ಒಂದೇ ಫೋಲ್ಡರಿಗೆ ಕೂಡಿಸಿ ಎತ್ತಿಡುವುದು. ಕೋಡಂಬಾಕ್ಕಂನ ಒಂದು ಮಹಡಿ ಕೋಣೆಯಲ್ಲಿ ಅವಳಿಗೆ ಈ ಕೆಲಸ ಕಲಿಸಿದ ಜಯಪ್ರಕಾಶ್ ಸಾರ್, ಸಿನಿಮಾ ಪೋಸ್ಟರು ಬರೆಯುವುದು ನಿಂತ ಮೇಲೆ ಕಂಪ್ಯೂಟರಿಗೆ ಬಂದವರು, ಮೊದಲ ದಿನವೇ ಹೇಳಿದ್ದರು: "ಪುಟದೊಳಗೆ ಫೋಟೋ ಇದೆ ಅಂತ ತಿಳ್ಕೋಬೇಡ ಕಣಮ್ಮ. ಅಲ್ಲಿರೋದು ಫೋಟೋ ಎಲ್ಲಿದೆ ಅನ್ನೋ ವಿಳಾಸ. ನಿನಗೆ ಕಾಣಿಸೋದು ಅದರ ನೆರಳು." ಆಗ ಅವಳಿಗೆ ಅರ್ಥವಾಗಿರಲಿಲ್ಲ. ಫೋಟೋಗಳ ಫೋಲ್ಡರನ್ನು ಸೇರಿಸದೆ ಬರೀ ಪುಟಗಳ ಫೈಲನ್ನು ಪ್ರೆಸ್ಸಿಗೆ ಕಳಿಸಿದ್ದಳು. ಒಂದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ನಲವತ್ತು ಮಕ್ಕಳ ಹೆಸರಿನ ಮೇಲೆ ನಲವತ್ತು ಖಾಲಿ ಚೌಕ. ಜಯಪ್ರಕಾಶ್ ಸಾರ್ ಬೈಯಲಿಲ್ಲ. ಅವಳನ್ನು ಆ ಶಾಲೆಗೆ ಕರೆದುಕೊಂಡು ಹೋಗಿ ಹೆಡ್‌ಮಿಸ್ಟ್ರೆಸ್ಸಿನ ಮುಂದೆ ನಿಲ್ಲಿಸಿ, "ನೀನೇ ಹೇಳು" ಎಂದರು. ಆಕೆ ಚೌಕಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟುತ್ತಾ ಹೋದದ್ದು, ಆ ಬೆರಳಿನ ಉಗುರಿನಲ್ಲಿ ಸೀಮೆಸುಣ್ಣವಿದ್ದದ್ದು, ಇವತ್ತಿಗೂ ನೀರಜಾಳಿಗೆ ಕಾಣಿಸುತ್ತದೆ.

ಅಂದಿನಿಂದ ಅವಳು ಎಂದೂ ಚೌಕವನ್ನು ಖಾಲಿ ಬಿಟ್ಟವಳಲ್ಲ. ಫೋಟೋ ಬರುವುದು ತಡವಾದರೆ ಕೈಗೆ ಸಿಕ್ಕಿದ ಯಾವುದೋ ಒಂದನ್ನು ಅದೇ ಹೆಸರಿಟ್ಟು ಆ ಜಾಗದಲ್ಲಿ ಕೂರಿಸುತ್ತಿದ್ದಳು. ನಿಜವಾದದ್ದು ಬಂದಾಗ ಅದೇ ಹೆಸರಿನಲ್ಲಿ ಅದೇ ಫೋಲ್ಡರಿಗೆ ಹಾಕಿದರೆ ಆಯಿತು, ಹಳೆಯದು ಅಳಿದು ಪುಟದ ಮೇಲಿನ ಮುಖ ತಾನಾಗಿ ಬದಲಾಗುತ್ತಿತ್ತು. ಇಪ್ಪತ್ತು ವರ್ಷ ಹೀಗೆ ನಡೆದಿತ್ತು.

ಕೂಡಿಸಿದ ಫೋಲ್ಡರಿನಲ್ಲಿ 'ವೃಂದಾ' ಎಂಬ ಫೈಲು ತೀರಾ ಚಿಕ್ಕದಾಗಿತ್ತು. ಬೆರಳಚ್ಚಿನಷ್ಟಿದ್ದ ಆ ಹಳೆಯ ಫೋಟೋವನ್ನು ಬೇಕೆಂದೇ ತುಂಬ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿದ್ದಳು, ಇದರ ಇಪ್ಪತ್ತು ಪಟ್ಟಾದರೂ ಇರಬೇಕಿತ್ತು. ತೆರೆದಳು. ಪ್ರೇರಣಾ ನಕ್ಕಳು. ಶಾಲೆಯ ಗುರುತಿನ ಚೀಟಿಗೆ ತೆಗೆಸಿದ್ದು, ಎರಡು ಜಡೆ, ಎಡಕ್ಕೆ ತುಸು ಓಲಿದ ಟೈ. ನೀರಜಾ ಕೂಡ ಅಭ್ಯಾಸದಿಂದ ಸಣ್ಣಗೆ ನಕ್ಕಳು. ಮೆಷಿನ್ನು ನೀರು ಬಿಡುವ ಸದ್ದು ಕೇಳಿಸಿತು. ಅದು ನಿಲ್ಲುವವರೆಗೆ ಅವಳ ಮನಸ್ಸು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಪ್ರೆಸ್ಸಿಗೆ ಕಳಿಸಿದ್ದ ಪಿಡಿಎಫ್ ತೆರೆದು ಮೂವತ್ತೇಳನೆಯ ಪುಟಕ್ಕೆ ಹೋದಳು.

'ಇವರ ಹೆಸರಿನಲ್ಲಿ' ಎಂಬುದು ಆ ಪುಟದ ತಲೆಬರಹ. ತೀರಿಕೊಂಡವರ ನೆನಪಿಗೆ ಮನೆಯವರು ಸಂಘದಲ್ಲಿ ಇಟ್ಟ ಬಹುಮಾನಗಳು, ಏಳು ಜನ, ಏಳು ಅಂಡಾಕಾರದ ಚೌಕಟ್ಟು, ಎಲ್ಲವೂ ಕಪ್ಪು ಬಿಳುಪು. ಆರು ಜನ ವಯಸ್ಸಾದವರು, ಪೇಟ ಕಟ್ಟಿದವರು, ಕನ್ನಡಕದವರು, ಒಬ್ಬಾಕೆ ಮೂಗುಬೊಟ್ಟಿನವರು. ಕೊನೆಯ ಸಾಲಿನ ನಡುವೆ ಒಂದು ಮಗು. ಕೆಳಗೆ 'ವೃಂದಾ, ೧೯೮೧–೧೯೯೦, ಕಿರಿಯರ ಕೈಬರಹ ಬಹುಮಾನ'. ಮೇಲೆ, ಟೈ ಎಡಕ್ಕೆ ಓಲಿಸಿಕೊಂಡು, ಪ್ರೇರಣಾ.

ಹೇಗಾಯಿತೆಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ವೃಂದಾಳ ಫೋಟೋ ಬರುವವರೆಗೆಂದು ಪ್ರೇರಣಾಳದನ್ನು ಕೂರಿಸಿದ್ದವಳು ಅವಳೇ. ಆಮೇಲೆ ಬಂದ ನಿಜವಾದ ಫೋಟೋವನ್ನು ಸ್ಕ್ಯಾನರು ತನ್ನದೇ ಫೋಲ್ಡರಿನಲ್ಲಿ ಬೇರೆಯಾಗಿ ಇಟ್ಟುಕೊಂಡಿತ್ತು. ಆ ದಿನ ಅವಳು ಸ್ಕ್ಯಾನ್ ಆದ ಫೈಲಿಗೆ ಹೆಸರು ಕೊಟ್ಟಿದ್ದಳು, ಅಷ್ಟರಲ್ಲಿ ಹಾಲು ಉಕ್ಕಿತ್ತೋ, ಬಾಗಿಲು ಬಡಿದಿತ್ತೋ. ಹೆಸರಿಟ್ಟ ಕೂಡಲೇ ಕೆಲಸ ಮುಗಿಯಿತೆಂದು ಕೈ ನಂಬಿತ್ತು. ಪುಟ ಮಾತ್ರ ಹಳೆಯ ಫೋಲ್ಡರಿನ ಕಡೆಗೇ ನೋಡುತ್ತಿತ್ತು. ಫೈಲು ಕಾಣೆಯಾಗಿದ್ದರೆ ತಂತ್ರಾಂಶ ಕೆಂಪು ಗುರುತು ತೋರಿಸುತ್ತಿತ್ತು, ಬದಲಾಗಿದ್ದರೆ ಹಳದಿ. ಇಲ್ಲಿ ಒಂದೂ ಆಗಿರಲಿಲ್ಲ. ಇರಬೇಕಾದ ಜಾಗದಲ್ಲಿ ಇರಬೇಕಾದ ಹೆಸರಿನ ಒಂದು ಮಗು ಇತ್ತು. ಆದರೆ ಅವಳು? ಮೂರು ಸಲ ಪ್ರೂಫ್ ನೋಡಿದ್ದಳಲ್ಲ. ಮೂರು ಸಲವೂ ಅಕ್ಷರ ನೋಡಿದ್ದಳು, ಒತ್ತು, ದೀರ್ಘ, ಇಸವಿ. ಮುಖವನ್ನೂ ಕಂಡಿರಲೇಬೇಕು. ಮನೆಯಲ್ಲಿ ಎತ್ತ ತಿರುಗಿದರೂ ಕಾಣುವ ಮುಖ ಅದು. ಪರದೆಯ ಮೇಲೂ ಕಂಡಾಗ ಇದು ಇಲ್ಲಿರಬಾರದು ಎಂದು ಕಣ್ಣಿಗೆ ಅನಿಸಲೇ ಇಲ್ಲ.

ಅವಳು ಮೊದಲು ಮಾಡಿದ ಕೆಲಸ ಶಾಲೆಗೆ ಫೋನ್ ಮಾಡಿದ್ದು. ಆಫೀಸಿನ ಹೆಂಗಸು, "ಎನ್ನ ವಿಷಯಂ ಮಾ?" ಎಂದು ಕೇಳಿದಾಗ ಹೇಳಲು ವಿಷಯವೇ ಇರಲಿಲ್ಲ. ಮಗು ಜ್ವರದಿಂದ ಎದ್ದಿದೆ, ಹೇಗಿದ್ದಾಳೆ ನೋಡಿ ಹೇಳುತ್ತೀರಾ ಎಂದಳು. ಆಕೆ ಫೋನನ್ನು ಕೈಯಿಂದ ಮುಚ್ಚಿ ಇನ್ನೊಬ್ಬರಿಗೆ ಏನೋ ಹೇಳಿ ನಕ್ಕಳು. ನಿಮಿಷದ ಮೇಲೆ, ಕ್ಲಾಸಿನಲ್ಲಿ ಚೆನ್ನಾಗಿ ಕೂತಿದ್ದಾಳೆ, ಜ್ವರ ಬಂದರೆ ನಾವೇ ಕರೆಯುತ್ತೇವೆ ಎಂದು ಫೋನಿಟ್ಟಳು. ನೀರಜಾ ದೃಷ್ಟಿ, ಶಕುನ ಎಂದು ನಂಬಿದವಳಲ್ಲ. ಆದರೂ ಎಣಿಸಬಾರದು ಅಂದುಕೊಳ್ಳುತ್ತಲೇ ಎಣಿಸಿದಳು. ಈ ಪುಟ ಮೊದಲು ಮನೆಯಿಂದ ಹೊರಗೆ ಹೋದದ್ದು ಹನ್ನೆರಡು ದಿನದ ಹಿಂದೆ. ಜ್ವರ ಬಂದದ್ದು ಮಾರನೆಯ ದಿನ. ಲೆಕ್ಕ ಮುಗಿದ ಮೇಲೆ ಇನ್ನೊಂದು ತಿಳಿಯಿತು: ಇಷ್ಟು ಹೊತ್ತಾದರೂ ಆ ಇನ್ನೊಂದು ಮಗುವಿನ ತಾಯಿಯ ನೆನಪು ಅವಳಿಗೆ ಬಂದಿರಲಿಲ್ಲ.

ಪ್ರೆಸ್ಸಿನ ಫೋರ್‌ಮನ್ ಸಾಯಿ ಹಳೆಯ ಪರಿಚಯ. ಅವನಿಗೆ ಫೋನ್ ಮಾಡಿದಳು. "ಅಕ್ಕಾ, ಅಂದ ಫಾರಂ ನೇತ್ತೇ ಓಡಿಡ್ಚೇ" ಎಂದ. ಆ ಪುಟವಿದ್ದ ಫಾರಂ, ಹದಿನಾರು ಪುಟಗಳ ದೊಡ್ಡ ಹಾಳೆ, ನಿನ್ನೆಯೇ ಅಚ್ಚಾಗಿ, ಮಡಿಸಿಯೂ ಆಗಿತ್ತು. ಊಟವಾದ ಮೇಲೆ ಬೈಂಡಿಂಗು ಶುರು. ಆಮೇಲೆ ಅವನೇ ಒಂದು ದಾರಿ ಹೇಳಿದ. ಆ ಒಂದು ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿ, ಹಳೆಯದನ್ನು ಕತ್ತರಿಸಿ, ಆ ಜಾಗದಲ್ಲಿ ಅಂಟಿಸಬಹುದು, ಐನೂರು ಪ್ರತಿಗೂ ಕೈಯಲ್ಲೇ ಮಾಡಬೇಕು, ಮಾಡೋಣ. ಆದರೆ ಪ್ರೂಫಿನ ಮೇಲೆ ಸೆಕ್ರೆಟರಿಯ ರುಜು ಇದೆ. "ಸಾರ್ ಒರು ವಾರ್ತೆ ಸೊಲ್ಲಣುಂ ಅಕ್ಕಾ. ಮೂಣು ಮಣಿ ವರೈಕ್ಕುಂ ವೆಯ್ಟ್ ಪಣ್ಣುರೇನ್." ಮೂರು ಗಂಟೆಯವರೆಗೆ ಕಾಯುತ್ತಾನೆ, ಸೆಕ್ರೆಟರಿ ಹೇಳಬೇಕು.

ಸಂಘದ ಕಾರ್ಯದರ್ಶಿ ತಿರುಮಲ ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಇದ್ದು ನಿವೃತ್ತರಾದವರು. ಪ್ರತಿ ಪುಟವನ್ನೂ ಸಂಬಂಧಪಟ್ಟವರಿಗೆ ವಾಟ್ಸಾಪಿನಲ್ಲಿ ಕಳಿಸಿ ಒಪ್ಪಿಗೆ ಪಡೆದು ಗುರುತು ಹಾಕಿಕೊಂಡಿದ್ದರು. "ಗಾಬರಿ ಆಗಬೇಡಮ್ಮ ನೀರಜಾ" ಎಂದರು. "ಹೋದ ಸಲದ ಸಂಚಿಕೇಲಿ ಅಧ್ಯಕ್ಷರ ಹೆಸರೇ ಬಿಟ್ಟುಹೋಗಿತ್ತು. ಆ ಪುಣ್ಯಾತ್ಮ ಇವತ್ತಿಗೂ ನಮ್ಮನೆ ಕಾಫಿ ಕುಡಿಯಲ್ಲ. ಅದರ ಮುಂದೆ ಇದೇನು. ಯಾವ ಪುಟ?" ಅವಳು ಹೇಳಿದಳು. ಆ ಕಡೆ ಹಾಳೆ ಮಗುಚುವ ಸದ್ದು. "ಪ್ರೇಮಮ್ಮನವರ ಮಗಳು. ರಾಯಪುರಂ. ಇಲ್ಲ ಕಣಮ್ಮ, ಅವರು ನೋಡಿ ಸರಿ ಅಂದಿದ್ದಾರಲ್ಲ. ಉತ್ತರ ಬರಲಿಲ್ಲ ಅಂತ ನಾನೇ ಫೋನ್ ಮಾಡಿ ಕೇಳಿದೆ. ಚೆನ್ನಾಗಿದೆ, ಸರಿಯಾಗಿದೆ ಅಂತ ಎರಡು ಸಲ ಹೇಳಿದರು."

"ಅದು ಆ ಮಗು ಅಲ್ಲ ಸಾರ್."

"ಮತ್ತೆ ಯಾರು?"

"ಯಾರದೋ... ಬೇರೆ ಯಾರದೋ ಮಗು" ಎಂದಳು ನೀರಜಾ. ಆ ಮಾತು ಬಾಯಿಂದ ಹೊರಟ ಕೂಡಲೇ ಅವಳ ಕೈ ತಾನಾಗಿ ಮೇಜಿನ ಮೇಲೆ ಬಿದ್ದಿದ್ದ ಬೆಳಗಿನ ಬಾಚಣಿಗೆಯನ್ನು ಹಿಡಿದುಕೊಂಡಿತು.

ಈ ಸಲ ತಿರುಮಲರ ದನಿಯಲ್ಲಿ ಕಚೇರಿಯೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. "ನೋಡಮ್ಮ. ಆ ತಾಯಿ ಒಂದು ಸಲ ನೋಡಿ ಸರಿ ಅಂದುಬಿಟ್ಟಿದ್ದಾರೆ. ಈಗ ಹೋಗಿ ಇದು ನಿಮ್ಮ ಮಗಳಲ್ಲ ಅಂತ ಹೇಳೋದು ನನ್ನಿಂದ ಆಗಲ್ಲ. ಪುಸ್ತಕ ಬಂದ ಮೇಲೆ ಆ ಮಗೂನ ಗುರುತು ಹಿಡಿಯೋರು ಯಾರು? ಮೂವತ್ತೈದು ವರ್ಷದ ಮೇಲಾಯ್ತು. ಬದಲಾಯಿಸಲೇಬೇಕು ಅಂತಿದ್ದರೆ ಅವರ ಬಾಯಲ್ಲೇ ಬರಲಿ. ಅವರು ಹೇಳಿದ ಮರುಕ್ಷಣ ನಾನು ಸಾಯಿಗೆ ಹೇಳ್ತೀನಿ. ಇಲ್ಲದಿದ್ದರೆ ಇದ್ದ ಹಾಗೆ ಇರಲಿ ಬಿಡು."

ಪ್ರೇಮಮ್ಮನ ನಂಬರಿಗೆ ಎರಡು ಸಲ ಪ್ರಯತ್ನಿಸಿದಳು, ಯಾರೂ ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದೆನಿಸಿತು. ಫೋನಿನಲ್ಲಿ ಹೇಳುವ ಮಾತಲ್ಲ. ಮೇಜಿನ ಖಾನೆಯಲ್ಲಿ ಲಕೋಟೆಯೊಳಗೆ ಭದ್ರವಾಗಿದ್ದ, ಪ್ರೇಮಮ್ಮ ಸಂಘಕ್ಕೆ ಕೊಟ್ಟಿದ್ದ ಮೂಲ ಫೋಟೋವನ್ನು ತೆಗೆದಳು. ರೈಲ್ವೆ ಆಸ್ಪತ್ರೆಯ ಹಳೆಯ ಕಾರ್ಡು, ಅದರ ಮೂಲೆಯಲ್ಲಿ ಅಂಟಿಸಿದ ಪುಟ್ಟ ಫೋಟೋ. ಹೊರಡುವ ಮೊದಲು ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿಬಿಡಬೇಕು, ಸಾಯಿಗೆ ಒಂದು ಮಾತು ಹೇಳುವುದಷ್ಟೇ ಉಳಿಯಬೇಕು. ಸ್ಕ್ಯಾನ್ ಆದ ವೃಂದಾಳನ್ನು ತೆರೆದು, ಒಂದು ಗಂಟೆ ಕೂತು, ಪರದೆ ತುಂಬ ಹಿಗ್ಗಿಸಿ, ಹುಳು ತಿಂದ ಚುಕ್ಕೆಗಳನ್ನೂ ಮಡಿಕೆಯ ಬಿಳಿ ಗೆರೆಯನ್ನೂ ಒಂದೊಂದಾಗಿ ತುಂಬಿದಳು. ಮುಖಕ್ಕೆ ಸೇರಿದ ಯಾವುದನ್ನೂ ಮುಟ್ಟಲಿಲ್ಲ. ಹಣೆಯ ಹತ್ತಿರ ಒಂದು ಗೆರೆ ಕಾಗದದ್ದೋ ಚರ್ಮದ್ದೋ ಎಂದು ತಿಳಿಯದೆ ಬಹಳ ಹೊತ್ತು ನೋಡಿ, ಚರ್ಮದ್ದೇ ಎಂದು ತೀರ್ಮಾನಿಸಿ ಬಿಟ್ಟಳು. ಆಮೇಲೆ ಪುಟಕ್ಕೆ ಬಂದು ಲಿಂಕನ್ನು ಬದಲಾಯಿಸಿದಳು. ಚೌಕಟ್ಟು ಕದಲಲಿಲ್ಲ, ಕೆಳಗಿನ ಹೆಸರು ಕದಲಲಿಲ್ಲ, ಇಸವಿ ಕದಲಲಿಲ್ಲ. ಒಂದು ಮಗು ಹೋಗಿ ಇನ್ನೊಂದು ಬಂತು, ಅಷ್ಟೆ. ಹೊಸ ಪುಟವನ್ನು ಸಾಯಿಗೆ ಕಳಿಸಿದಳು. ಅವಳಿಗೆ ಉಸಿರು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ಆ ಇಸವಿಯ ಮೇಲೆ ಯಾವುದಾದರೂ ಮಗು ಕೂರಲೇಬೇಕಿತ್ತು, ನನ್ನದು ಎದ್ದು ಬಂತು ಎಂದು ಸಂತೋಷಪಟ್ಟೆನಲ್ಲ.

ಮೆಟ್ರೋದಲ್ಲಿ ಸೆಂಟ್ರಲ್ಲಿನವರೆಗೆ ಕೂರಲು ಜಾಗ ಸಿಕ್ಕಿತು. ಎದುರಿನ ಸೀಟಿನಲ್ಲಿ ಒಬ್ಬಾಕೆ ಮಡಿಲಲ್ಲಿ ಮಲಗಿದ ಮಗುವಿನ ಬಾಯಿ ಒರೆಸಿ, ಒರೆಸಿದ ಸೆರಗಿನಿಂದಲೇ ತನ್ನ ಬೆವರನ್ನೂ ಒರೆಸಿಕೊಂಡಳು. ಆ ತಾಯಿ ಏಕೆ ಸರಿ ಅಂದಳು? ಕಣ್ಣು ಮಂಜಾಗಿರಬೇಕು. ಅಥವಾ ಸಂಕೋಚ, ದೊಡ್ಡವರು ಇಷ್ಟು ಮಾಡುತ್ತಿದ್ದಾರೆ, ತಪ್ಪು ಎಂದು ಹೇಗೆ ಹೇಳುವುದು ಎಂಬ ಸಂಕೋಚ. ಅಂಥ ಸಂಕೋಚದ ಹೆಂಗಸರನ್ನು ನೀರಜಾ ಕಂಡಿದ್ದಳು, ಅವಳೇ ಅಂಥವಳು. ಏನೇ ಇರಲಿ, ಆಕೆ ನೆಮ್ಮದಿಯಾಗಿದ್ದಾಳೆ. ಭಾನುವಾರ ಪುಸ್ತಕ ಕೈಗೆ ಬಂದರೆ ತೆರೆದು ನೋಡಿ, ಕಣ್ಣಿಗೊತ್ತಿಕೊಂಡು, ಎತ್ತಿಡುತ್ತಾಳೆ. ಆ ನೆಮ್ಮದಿಯನ್ನು ಕೆಡಿಸಲು ಈಗ ನಾನು ಹೋಗುತ್ತಿರುವುದು ಯಾರಿಗಾಗಿ? ವೃಂದಾಳಿಗಾಗಿ ಎಂದು ಹೇಳಬಹುದು, ಕೇಳಿದವರು ಒಪ್ಪುತ್ತಾರೆ. ಆ ಜಾಗದಲ್ಲಿ ಕೂತದ್ದು ಪ್ರೇರಣಾ ಅಲ್ಲದೆ ನಿಜವಾಗಿಯೂ ಬೇರೆ ಯಾರದೋ ಮಗುವಾಗಿದ್ದರೆ ಈ ಹೊತ್ತಿನಲ್ಲಿ, ನೆನೆಹಾಕಿದ್ದು ರುಬ್ಬದೆ, ಮೆಷಿನ್ನಿನ ಬಟ್ಟೆ ಹರವದೆ, ಹೀಗೆ ಓಡಿಬರುತ್ತಿದ್ದೆನೇ? ಸೆಂಟ್ರಲ್ಲಿನಲ್ಲಿ ಬೇರೆ ಲೈನಿಗೆ ಇಳಿಯುವ ಎಸ್ಕಲೇಟರಿನ ಮೇಲೆ ನಿಂತು ಈ ಪ್ರಶ್ನೆಗೆ ಉತ್ತರ ಹುಡುಕಿದಳು. ಕೆಳಗೆ ತಲುಪುವಷ್ಟರಲ್ಲಿ ಹುಡುಕುವುದನ್ನು ಬಿಟ್ಟಳು.

ವಣ್ಣಾರಪೇಟೆಯಲ್ಲಿ ಇಳಿದು ಷೇರ್ ಆಟೋ ಹಿಡಿದಳು. ರಾಯಪುರಂ ಬರುತ್ತಿದ್ದಂತೆ ಗಾಳಿಯಲ್ಲಿ ಉಪ್ಪು, ಒಣಮೀನು, ಡೀಸೆಲ್ಲು. ಪ್ರೇಮಮ್ಮನ ಮನೆ ರೈಲು ಹಳಿಗಳ ಬದಿಯ ಬೀದಿಯಲ್ಲಿ, ಒಂದನೆಯ ಮಹಡಿ. ಬಾಗಿಲು ತೆರೆದೇ ಇತ್ತು. ಎಪ್ಪತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು ನೆಲದ ಮೇಲೆ ಕಾಲು ಚಾಚಿ ಕೂತು, ನೆನೆದ ಅವರೆಕಾಳನ್ನು ಹಿಚುಕಿ ಬೋಗುಣಿಗೆ ಹಾಕುತ್ತಿದ್ದರು. ಸಂಘದ ಪುಸ್ತಕದ ವಿಷಯ ಎಂದಳು ನೀರಜಾ ಹೊಸ್ತಿಲಲ್ಲೇ ನಿಂತು.

"ಯಾರು? ಪುಸ್ತಕದ ಹುಡುಗೀನಾ? ಬಾಮ್ಮ, ಬಾ. ಚಪ್ಪಲಿ ಒಳಗೇ ಬಿಡು, ಹೊರಗಿಟ್ರೆ ಇಲ್ಲಿನ ನಾಯಿ ಒಂದೇ ಒಂದು ಎತ್ಕೊಂಡು ಹೋಗ್ತದೆ. ಎರಡೂ ಎತ್ಕೊಂಡು ಹೋದ್ರೂ ಬೇಜಾರಿಲ್ಲ ನೋಡು." ಫೋನನ್ನು ಮಗ ವಿಠ್ಠಲ ಹಾರ್ಬರಿನ ಕೆಲಸಕ್ಕೆ ಹೋಗುವ ಮುಂಚೆ ಚಾರ್ಜಿಗೆ ಹಾಕಿ ಹೋಗಿದ್ದನಂತೆ, ಒಳಕೋಣೆಯಲ್ಲಿ, ಕೇಳಿಸಲಿಲ್ಲವಂತೆ. "ಕುಡಿಯಕ್ಕೆ ಏನ್ ಕೊಡ್ಲಿ? ಮೋರು ಇದೆ, ಮಜ್ಜಿಗೆ. ಕಾಫಿ ಅಂದ್ರೆ ಹಾಲು ಬರಬೇಕು."

"ಏನೂ ಬೇಡಮ್ಮ." ನೀರಜಾ ಅವರ ಎದುರು ನೆಲದ ಮೇಲೆ ಕೂತಳು. ಲಕೋಟೆಯಿಂದ ಕಾರ್ಡನ್ನು ತೆಗೆದು ಬೋಗುಣಿಯ ಪಕ್ಕದಲ್ಲಿ ಇಟ್ಟಳು. "ಪುಸ್ತಕದಲ್ಲಿ ತಪ್ಪಾಗಿದೆ. ತಪ್ಪು ನಂದು. ನಿಮ್ಮ ಮಗಳ ಜಾಗದಲ್ಲಿ ಬೇರೆ ಮಗುವಿನ ಫೋಟೋ ಹೋಗಿದೆ. ಇದು ನಿಮ್ಮ ವೃಂದಾ. ನಿಮ್ಮ ಫೋನಿಗೆ ಬಂದದ್ದು ಇವಳಲ್ಲ."

ಪ್ರೇಮಮ್ಮನ ಬೆರಳುಗಳು ನಿಂತವು. ಒಂದು ಕಾಳು ಸಿಪ್ಪೆಯಿಂದ ಅರ್ಧ ಹೊರಬಂದು ಅಲ್ಲೇ ಉಳಿಯಿತು. ಕಾರ್ಡನ್ನು ಅವರು ನೋಡಲಿಲ್ಲ, ನೀರಜಾಳನ್ನು ನೋಡಿದರು.

"ಮತ್ತೆ ಆ ಮಗು ಯಾರದು?"

"ನಂದು" ಎಂದಳು ನೀರಜಾ. "ನನ್ನ ಮಗಳು. ಪ್ರೇರಣಾ ಅಂತ."

"ಇದಾಳಾ?"

"ಇದಾಳೆ. ಸ್ಕೂಲಿಗೆ ಹೋಗಿದಾಳೆ."

ಪ್ರೇಮಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಅಂಗೈಯಿಂದ ನೀರಜಾಳ ಕೆನ್ನೆ ಸವರಿ, ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿದರು. ಎದುರಿಗಿಲ್ಲದ ಮಗುವಿನ ದೃಷ್ಟಿಯನ್ನು ತಾಯಿಯ ಮುಖದಿಂದ ತೆಗೆದ ಹಾಗೆ. "ಅಯ್ಯೋ ಹುಚ್ಚು ಹೆಣ್ಣೇ" ಎಂದರು. "ಬದುಕಿರೋ ಮಗೂನ ಅಲ್ಲಿ ಕೂರಿಸ್ತಾರಾ ಯಾರಾದ್ರೂ? ಮೊದಲು ತೆಗ್ಸು. ನಂದು ಇಲ್ದಿದ್ರೂ ಪರವಾಗಿಲ್ಲ, ಅದನ್ನ ತೆಗ್ಸು. ಆ ಫೋನ್ ತಗೊಂಡು ಬಾ, ಒಳಗಿದೆ." ನೀರಜಾ ಫೋನ್ ತಂದು ತಿರುಮಲರಿಗೆ ಹಚ್ಚಿಕೊಟ್ಟಳು. "ಏನಪ್ಪಾ ತಿರುಮಲ, ನಾನು ಪ್ರೇಮಮ್ಮ. ಆ ಫೋಟೋ ಬದಲಾಯಿಸಬೇಕು 'ಉಡನೇ'. ಹೌದು, ನಾನೇ ಸರಿ ಅಂದಿದ್ದು. ಮುದುಕಿ ನಾನು, ಕಣ್ಣು ಕಾಣ್ತದಾ ನಂಗೆ? ನೀನಾದ್ರೂ ನೋಡ್ಬಾರ್ದಾ ಕನ್ನಡಕ ಹಾಕ್ಕೊಂಡು? ಈ ಹುಡುಗೀನ ಏನೂ ಅನ್ನಬೇಡ. ಈಗಲೇ ಪ್ರೆಸ್ಸಿಗೆ ಹೇಳು." ಐದು ನಿಮಿಷದಲ್ಲಿ ಸಾಯಿಯಿಂದ ನೀರಜಾಳ ಫೋನಿಗೆ ಬಂತು: ಹೊಸ ಹಾಳೆ ಮೆಷಿನ್ನಿಗೆ ಏರುತ್ತಿದೆ.

ಅವಳು ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಎದ್ದು ಹೊರಡಬಹುದಿತ್ತು, ಸಾಯಂಕಾಲದ ವ್ಯಾನಿಗೆ ಸಮಯವೂ ಇತ್ತು. ಆದರೆ ಪ್ರೇಮಮ್ಮ ಈಗ ಕಾರ್ಡನ್ನು ಕೈಗೆತ್ತಿಕೊಂಡಿದ್ದರು. ಕನ್ನಡಕ ಹಾಕಿಕೊಳ್ಳದೆ, ಕಿಟಕಿಯ ಬೆಳಕಿಗೆ ಹಿಡಿದು, ಕಾರ್ಡಿನ ಮೇಲಿನ ಮಾಸಿದ ಅಕ್ಷರಗಳನ್ನು ತೊದಲದೆ ಓದಿದರು, ಗಂಡನ ಹೆಸರು, ಗೂಡ್ಸ್ ಶೆಡ್ಡಿನ ನಂಬರು.

"ಕಣ್ಣು ಚೆನ್ನಾಗೇ ಕಾಣ್ತದೆ ನಂಗೆ" ಎಂದರು ಆಮೇಲೆ. "ಹೋದ ವರ್ಷ ಪೊರೆ ತೆಗೆಸಿದ್ದು."

ನೀರಜಾ ಖಾಲಿ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡಳು.

"ನಮ್ಮನೆಯವರು ಮಗು ಹೋದ ತಿಂಗಳಲ್ಲೇ ಇದ್ದಬದ್ದ ಫೋಟೋನೆಲ್ಲ ಗಂಟು ಕಟ್ಟಿ ಸಮುದ್ರಕ್ಕೆ ಬಿಟ್ಬಿಟ್ರು. ಇವಳು ನೋಡಿ ನೋಡಿ ತಲೆ ಕೆಡಿಸ್ಕೋತಾಳೆ ಅಂತ. ಒಳ್ಳೇದಕ್ಕೇ ಮಾಡಿದ್ರು. ಅವರು ಹೋದ ಮೇಲೆ ಪಾಸಿನ ಪುಸ್ತಕದೊಳಗೆ ಈ ಕಾರ್ಡು ಸಿಕ್ತು. ಒಂದು ಸಲ ನೋಡಿ ಪೆಟ್ಟಿಗೇಲಿಟ್ಟೆ. ತೆಗೆದು ನೋಡಕ್ಕೆ ಧೈರ್ಯ ಬರ್ತಿರಲಿಲ್ಲ. ಇದೆ ಅನ್ನೋದೇ ಸಾಕು ಅಂತ ಇದ್ದೆ." ಕಾರ್ಡನ್ನು ಸ್ವಲ್ಪ ದೂರ ಹಿಡಿದರು. "ನಿನ್ನ ಪುಟ ಫೋನಿಗೆ ಬಂದಾಗ ನೋಡಿದ ಕೂಡ್ಲೇ ಅನ್ನಿಸ್ತು, ಇವಳಲ್ಲ ಅಂತ. ಆಮೇಲೆ ಹೆದರಿಕೆ ಆಯ್ತು. ಪುಸ್ತಕ ಮಾಡೋರು ಓದಿದೋರು, ಅವರು ತಪ್ಪು ಹಾಕ್ತಾರಾ? ನಾನೇ ಮರೆತುಬಿಟ್ಟಿದೀನಿ. ಹೆತ್ತ ಮಗೂ ಮುಖ ಮರೆತ ಮುಂಡೇದು ಅಂತ ಜನ ಅಂತಾರೆ. ತಿರುಮಲ ಕೇಳಿದಾಗ ಸರಿಯಾಗಿದೆ ಅಂದ್ಬಿಟ್ಟೆ."

ಹಳಿಯ ಮೇಲೆ ಒಂದು ಗೂಡ್ಸು ರೈಲು ಹೊರಟಿತು. ಕೊನೆಯ ಡಬ್ಬಿ ದಾಟುವವರೆಗೆ ಮಾತು ನಿಂತಿತು.

"ಹನ್ನೆರಡು ದಿನ ದಿನಾ ನೋಡಿದೆ. ಬೆಳಿಗ್ಗೆ ಎದ್ದು ನೋಡೋದು, ಮಧ್ಯಾಹ್ನ ಮಲಗೋ ಮುಂಚೆ ನೋಡೋದು. ಇವಳೇ, ಇವಳೇ ಅಂತ ಮನಸ್ಸಿಗೆ ಹೇಳ್ಕೊಂಡೆ. ಹೇಳ್ಕೊಂಡು ಹೇಳ್ಕೊಂಡು ಅಭ್ಯಾಸ ಆಗೋಯ್ತು ಕಣಮ್ಮ. ನಗು ಚೆನ್ನಾಗಿದೆ ನಿನ್ನ ಮಗಳದ್ದು." ಪ್ರೇಮಮ್ಮ ಕಾರ್ಡನ್ನು ಮಡಿಲಿನಲ್ಲಿಟ್ಟುಕೊಂಡರು. "ಈಗ ಕಣ್ಣು ಮುಚ್ಚಿದ್ರೆ ಅವಳೇ ಬರ್ತಾಳೆ. ನಂದು ಬರ್ತಾ ಇಲ್ಲ."

ಪ್ರೇಮಮ್ಮ ತಾವೇ ಫೋನನ್ನು ಮುಂದೆ ಚಾಚಿದರು, ಇದರಲ್ಲಿರೋದನ್ನೂ ಅಳಿಸಿಬಿಡು, ನಂಗೆ ಬರಲ್ಲ ಎಂದರು. ನೀರಜಾ ಆ ಪುಟವನ್ನು ಹುಡುಕಿ, ಮಗಳನ್ನೂ ಆ ಇಸವಿಯನ್ನೂ ಕೊನೆಯ ಸಲ ಒಟ್ಟಿಗೆ ನೋಡಿ, ಅಳಿಸಿದಳು.

"ಎಡಗಡೆ ಗಲ್ಲದ ಕೆಳಗೆ ಒಂದು ಮಚ್ಚೆ ಇತ್ತು" ಎಂದರು ಪ್ರೇಮಮ್ಮ ಇದ್ದಕ್ಕಿದ್ದಂತೆ. ಅವರ ಮುಖದಲ್ಲಿ ಏನೋ ಬೆಳಗಿದಂತಾಯಿತು. "ನೆನಪಾಯ್ತು ನೋಡು. ಸಣ್ಣದು, ಸಾಸಿವೆ ಕಾಳಿನಷ್ಟು. ಇದರಲ್ಲಿ ಕಾಣ್ತಿಲ್ಲ, ಮಾಸಿಹೋಗಿದೆ. ನೀನು ದೊಡ್ಡದು ಮಾಡಿ ನೋಡಿರ್ತೀಯಲ್ಲ, ಇತ್ತಲ್ವಾ?"

ಪ್ರೇರಣಾಳಿಗೆ ಅಲ್ಲಿ ಮಚ್ಚೆಯಿತ್ತು. ಹುಟ್ಟಿದ ಹತ್ತನೆಯ ದಿನ ಎಣ್ಣೆ ಹಚ್ಚುವಾಗ ಅದನ್ನು ಕೊಳೆಯೆಂದು ತಿಳಿದು ಉಜ್ಜಿದ್ದಳು, ಮಗು ಕೆಂಪಾಗಿ ಅತ್ತಿತ್ತು. ಹೌದಮ್ಮ ಇತ್ತು ಎಂದರೆ ಮುಗಿಯುತ್ತದೆ. ಈ ಮುಖದಲ್ಲಿ ಬಂದಿರುವ ಬೆಳಕು ಹಾಗೇ ಉಳಿಯುತ್ತದೆ. ಬೆಳಿಗ್ಗೆ ತನ್ನ ಮಗಳನ್ನು ಯಾರದೋ ಎಂದವಳು ಈಗ ಒಂದು ಮಚ್ಚೆಯನ್ನು ಇನ್ನೊಬ್ಬರ ಮಗಳಿಗೆ ಕೊಡಲಾರೆಯಾ ಎಂದು ಮನಸ್ಸು ಕೇಳಿತು. ಆದರೆ ಆ ಮಚ್ಚೆ ಕೂತರೆ ವೃಂದಾ ಇನ್ನಷ್ಟು ದೂರ ಹೋಗುತ್ತಾಳೆ. ಒಂದು ಗಂಟೆ ಹೊತ್ತು ಅವಳ ಮುಖದ ಒಂದೊಂದು ಕಣವನ್ನೂ ನೋಡಿದವಳು ತಾನೊಬ್ಬಳೇ.

"ಇಲ್ಲಮ್ಮ" ಎಂದಳು. "ಅದು ನನ್ನ ಮಗಳದು."

"ಓ" ಎಂದರು ಪ್ರೇಮಮ್ಮ. ತಪ್ಪಿ ಬೇರೆಯವರ ತಟ್ಟೆಗೆ ಕೈ ಹಾಕಿದವರಂತೆ ಬೆರಳುಗಳನ್ನು ಹಿಂದಕ್ಕೆ ಎಳೆದುಕೊಂಡರು. ಕಾರ್ಡಿನ ಅಂಚನ್ನು ಸವರುತ್ತಾ ಕೇಳಿದರು, "ಹಾಗಾದ್ರೆ ನಂದಕ್ಕೆ ಏನಿತ್ತು?"

ನೀರಜಾ ಕಾರ್ಡನ್ನು ಕೇಳಲಿಲ್ಲ. ಅದನ್ನು ನೋಡಬೇಕಾಗಿಯೂ ಇರಲಿಲ್ಲ.

"ಹುಬ್ಬು ನಡುವೆ ಸ್ವಲ್ಪ ಕೂಡಿದೆ. ಮುಂದಿನ ಹಲ್ಲಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿರಬೇಕು. ಬಾಯಿ ಮುಚ್ಚಿಕೊಂಡಿದಾಳೆ, ಆದರೂ ತುಟಿ ಅಲ್ಲಿ ಸ್ವಲ್ಪ ಎದ್ದಿದೆ."

"ಹೂಂ."

"ಹಣೆ ಮೇಲೆ ಕೂದಲಿನ ಅಂಚಲ್ಲಿ ಒಂದು ಗಾಯದ ಗೆರೆ. ಓರೆಯಾಗಿ."

"ಗೂಡ್ಸ್ ಶೆಡ್ ಮೆಟ್ಟಿಲು" ಎಂದರು ಪ್ರೇಮಮ್ಮ. "ಅಪ್ಪನಿಗೆ ಊಟ ತಗೊಂಡು ಓಡ್ತಾ ಬಿದ್ಲು. ಡಬ್ಬಿ ಮಾತ್ರ ಬಿಟ್ಟಿರಲಿಲ್ಲ. ಅರಿಶಿನ ಒತ್ತಿ ಹಿಡಿದು ಆಸ್ಪತ್ರೆಗೆ ಎತ್ಕೊಂಡು ಓಡಿದ್ದೆ." ಮಾತು ಮುಗಿದರೂ ಅವರ ಹೆಬ್ಬೆರಳು ಗಾಳಿಯಲ್ಲಿ ಯಾವುದನ್ನೋ ಒತ್ತಿ ಹಿಡಿದೇ ಇತ್ತು. "ಇನ್ನೂ ಹೇಳು."

"ಬಲಗಿವಿಯ ತೂತು ಎಡಗಿವಿದಕ್ಕಿಂತ ಸ್ವಲ್ಪ ಮೇಲಿದೆ."

"ಚುಚ್ಚುವಾಗ ತಲೆ ಅಲ್ಲಾಡಿಸಿಬಿಟ್ಲು. ಆಚಾರಿ ನನ್ನ ಬೈದ, ಸರಿಯಾಗಿ ಹಿಡ್ಕೊಳಮ್ಮ ಅಂತ. ಹೇಗೆ ಹಿಡೀಲಿ, ನಾನೇ ಅಳ್ತಾ ಇದ್ದೆ." ಪ್ರೇಮಮ್ಮ ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣು ಅತ್ತಿತ್ತ ಹುಡುಕುತ್ತಿರುವುದು ನೀರಜಾಳಿಗೆ ಕಾಣುತ್ತಿತ್ತು. "ನಿಧಾನಕ್ಕೆ ಹೇಳು" ಎಂದರು. "ಮೂಗು ಹೆಂಗಿದೆ?"